ಮಡಿಲಲ್ಲಿದ್ದ ಚೀಲ

ಕಣ್ಣು ಮುಚ್ಚಿ ಕುಳಿತವರ ನಡುವೆ ಸಣ್ಣಗೆ ಗೊರಕೆ ಕೇಳಿಸಿತು. ದರ್ಜಿ ಹೆಂಗಸು ಒಂದು ಕಣ್ಣು ತೆರೆದು ನೋಡಿದಳು. ಗೊರಕೆ ಹೊಡೆಯುತ್ತಿದ್ದವರು ಧ್ಯಾನ ಕಲಿಸುವ ಬೌದ್ಧ ಭಿಕ್ಷುಣಿ ಅಮ್ಮನವರೇ! ಬಾರಿಸಬೇಕಿದ್ದ ಪುಟ್ಟ ಗಂಟೆ ಅವರ ಕೈಯಿಂದ ಜಾರುತ್ತಿತ್ತು. ಪಕ್ಕದಲ್ಲಿದ್ದ ನಾದಿನಿ ಮೊಣಕೈಯಿಂದ ತಿವಿದು, "ಸಿಕ್ಕಿದ್ರಲ್ಲ ಅತ್ತಿಗೆ ನಿಮ್ಮ ಗುರು! ಇದನ್ನ ಮನೇಲೇ ಕಲೀಬಹುದಿತ್ತು" ಎಂದು ಪಿಸುಗುಟ್ಟಿದಳು.

ದರ್ಜಿ ಹೆಂಗಸಿಗೆ ನಗು ಬರಲಿಲ್ಲ. ಬುದ್ಧನ ದಾರಿ ತೋರಿಸುತ್ತೇನೆಂದ ಹಿಂದಿನ ಗುರುವೂ ಹೀಗೆಯೇ ತೂಕಡಿಸಿ, ಎಚ್ಚರವಾದಾಗ "ಆಳವಾದ ಸಮಾಧಿಯಲ್ಲಿದ್ದೆ" ಎಂದು ಬುರುಡೆ ಬಿಟ್ಟಿದ್ದ. ಅಂದಿನಿಂದ ಎಲ್ಲಿ ಕೂತರೂ, ಎದ್ದು ನಡೆಯಲು ಅನುಕೂಲವಾಗಲೆಂದು ಚೀಲವನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದಳು. ಈಗ ಅದರ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಇವರೂ ಹಾಗೇ ಅಂದರೆ ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲ.

ಗಂಟೆ ನೆಲಕ್ಕೆ ಬಿದ್ದು ಠಣ್ ಎಂದಿತು. ಅಮ್ಮನವರು ಬೆಚ್ಚಿ ಕಣ್ಣುಬಿಟ್ಟರು. "ಅಯ್ಯೋ, ನಿದ್ದೆ ಹೋಗ್ಬಿಟ್ಟೆ ಕಣ್ರಮ್ಮಾ! ನಿಮ್ಮ ಕಾಲೆಲ್ಲ ಜೋಮು ಹಿಡಿದಿರಬೇಕು. ಬನ್ನಿ, ನಾನೂ ಮೊದಲಿಂದ ಶುರು ಮಾಡ್ತೀನಿ" ಎಂದು ನಕ್ಕರು.

ಆ ನಗು ಅವಳಿಗೆ ಗೊತ್ತಿತ್ತು. ಹೊಲಿಗೆ ಕಲಿಸಿದ ಚಿಕ್ಕಮ್ಮ, "ನೋಡ್ರೇ, ನಿಮ್ಮ ಟೀಚರಮ್ಮ ತೋಳನ್ನ ಉಲ್ಟಾ ಕೂರಿಸಿದ್ದಾಳೆ!" ಎಂದು ತಾನೇ ಹೊಲಿದ ಅಂಗಿಯನ್ನು ಎಲ್ಲರೆದುರು ಎತ್ತಿ ತೋರಿಸಿ, ಹೀಗೆಯೇ ನಗುತ್ತಾ ಹೊಲಿಗೆ ಬಿಚ್ಚುತ್ತಿದ್ದಳು. ಆಕೆಯ ಮೊಣಕಾಲಿಗೆ ಒರಗಿ ಕಲಿಯುವಾಗ ಇದ್ದ ನಿಶ್ಚಿಂತೆ, ಆಕೆ ತೀರಿಹೋದ ಮೇಲೆ ಎಲ್ಲೂ ಸಿಕ್ಕಿರಲಿಲ್ಲ.

"ಏಳಿ ಅತ್ತಿಗೆ, ಹೋಗೋಣ" ಎಂದಳು ನಾದಿನಿ. ದರ್ಜಿ ಹೆಂಗಸು ಚೀಲವನ್ನು ಮಡಿಲಿಂದ ತೆಗೆದು, ಗೋಡೆಯ ಬದಿಗೆ ದೂಡಿ, ಕಣ್ಣು ಮುಚ್ಚಿದಳು.