ಎಂಟುನೂರು ದನಿಯ ಗಂಟಲು

ನಮ್ಮೂರಿನ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಓಣಿಗಳ ಗಂಟಲುಗಳು ಕೂಗಿ ಆರಿಸುತ್ತವೆ. ದೊಡ್ಡ ಓಣಿಗೆ ಮೂರು ಗಂಟಲು, ಸಣ್ಣದಕ್ಕೆ ಒಂದು. ಕಂಬಾರ ಓಣಿಯ ಗಂಟಲು ಈ ಸಲ ಹೊಲಿಗೆಯ ದಾಕ್ಷಾಯಣಿ. ಓಣಿಯ ಎಂಟುನೂರು ಜನರ ದನಿಯ ಪಡಿಯಚ್ಚು ಬೆಳಿಗ್ಗೆಯೇ ಅವಳ ಕೊರಳಿಗೆ ಇಳಿದಿತ್ತು. ಸಭಾಭವನದ ಮೆಟ್ಟಿಲ ಮೇಲೆ ಕೂತು ಅವಳು ಬಿಸಿನೀರು ಕುಡಿಯುತ್ತಿದ್ದಳು.

ಪಕ್ಕದ ಮನೆಯ ಫಕೀರವ್ವ ಬಂದು ಕೈ ಹಿಡಿದಳು. "ನಾ ವೋಟ್ ಹಾಕಿದ್ದು ಕಸ್ತೂರಿಬಾಯಿಗೆ. ನನ್ನ ದನೀಲೆ ಆ ಪರ್ವತಗೌಡನ ಹೆಸರು ಕೂಗಬ್ಯಾಡವ್ವಾ."

"ಏನ್ ಮಾಡ್ಲಿ ಅತ್ತಿ? ನಮ್ಮ ಓಣ್ಯಾಗ ಗೌಡ್ರಿಗೆ ಹತ್ತು ವೋಟು ಹೆಚ್ಚು ಬಂದಾವ. ಗೆದ್ದವ್ರಿಗೆ ಇಡೀ ಓಣಿ ದನಿ."

"ನಂದೊಂದು ನುಂಗಿಬಿಡು!"

"ಒಂದು ನುಂಗಿದ್ರ ಎಲ್ಲಾ ಹೊಟ್ಟೀಗೆ ಹೋಗ್ತಾವ."

ಒಳಗೆ ಹೋಗಿ ದಾಕ್ಷಾಯಣಿ ಬಾಯಿ ತೆರೆದಳು. "ಪರ್ವತಗೌಡ!" ಕುಲುಮೆಯವರ ಗಡಸು, ಬಾಣಂತಿಯರ ಮೆಲುದನಿ, ತೊದಲುವವರ ತೊದಲು ಒಟ್ಟಿಗೇ ಎದ್ದವು. ಸೂರಿನ ಪಾರಿವಾಳಗಳು ಹಾರಿಹೋದವು. ಎಲ್ಲಕ್ಕಿಂತ ಮೇಲೆ, ಕಂಚಿನ ಗಂಟೆಯಂತೆ, ಫಕೀರವ್ವನ ದನಿ.

ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಬಯ್ಯಲು ಬಾಯಿ ತೆರೆದವಳು ಸೂರಿನತ್ತ ಕಿವಿಗೊಟ್ಟಳು.

"ಯವ್ವಾ," ಅಂದಳು ಮೆಲ್ಲಗೆ, "ನನ್ನ ದನಿ ಇಷ್ಟು ದೊಡ್ಡದಿತ್ತೇನ?"