ತಂಗೆವ್ವನ ಪರೀಕ್ಷೆ

ದಿನಾ ಬೆಳಗ್ಗೆ ಹೊಳೆಯ ಮೇಲೆ ಹೊಸ ಸೇತುವೆ ಹುಟ್ಟುತ್ತದೆ. ನೀಲವ್ವ ನೋಡಿಕೊಳ್ಳುವ ಯಂತ್ರವೇ ಬೇಕಾದ ಭಾಗಗಳನ್ನು ತರಿಸಿ ಕಟ್ಟಿ, ಪರೀಕ್ಷೆಗಳೆಲ್ಲ ಹಸಿರಾದರೆ ದಾರಿ ಬಿಡುತ್ತದೆ. ಆಕೆಯ ಮಗಳ ಮದುವೆಯ ದಿನವೇ ಒಂದು ಕೆಂಪಾಯಿತು: ತಂಗೆವ್ವನ ಪರೀಕ್ಷೆ. ಕಣ್ಣಿಲ್ಲದ ತಂಗೆವ್ವ ಹಿಡಿದು ನಡೆಯುವ ಕಂಬಿ ಸಿಗದೆ ಹೊಳೆಪಾಲಾದಾಗ, ಕಾಣದವರ ಕೈಗೂ ಅದು ಸಿಗುತ್ತದೆಯೇ ಎಂದು ನೋಡಲು ಊರು ಸೇರಿಸಿದ್ದು.

"ಮುದುಕಿ ಶಿವನ ಪಾದ ಸೇರಿ ಯಾವ ಕಾಲ ಆತು! ಅದೊಂದು ಬಿಟ್ಟು ಕಟ್ರಿ ಬೀಗತಿ. ಆಚಿ ಗುಡಿಯಾಗ ಅಕ್ಕಿಕಾಳು ಬೀಳೋ ಹೊತ್ತಾತು," ಎಂದರು ಗಂಡಿನ ಅಪ್ಪ.

"ಮುಹೂರ್ತ ಇನ್ನೊಂದು ಸಿಗತೈತ್ರಿ ಬೀಗರ. ಹೊಳಿ ನುಂಗಿದ್ದನ್ನ ತಿರುಗಿ ಕೊಡೂದಿಲ್ಲ."

ಅಂದು ಯಂತ್ರ ಹೊಸ ನಮೂನೆಯ ಕಂಬಿ ತರಿಸಿತ್ತು; ಅದು ತಡವುವ ಕೈಗೆ ಸಿಗುತ್ತಿರಲಿಲ್ಲ. ನೀಲವ್ವ ಹಳೆಯ ನಮೂನೆಯದನ್ನೇ ತರಿಸಿ ಮತ್ತೆ ಕಟ್ಟಿಸಿದಳು. ಹಸಿರಾಗುವಷ್ಟರಲ್ಲಿ ಮುಹೂರ್ತ ಮೀರಿತ್ತು. ಆಕೆ ಶಿವನನ್ನು ನೆನೆದು, ಕಣ್ಣು ಮುಚ್ಚಿ, ಕಂಬಿ ಹಿಡಿದು ಮೊದಲು ನಡೆದಳು. ಗೊಣಗುತ್ತ ಹಿಂದೆ ಬಂದ ಬೀಗರು ನಡುಹೊಳೆಯಲ್ಲಿ ತಾವೂ ಕಣ್ಣು ಮುಚ್ಚಿ, ಕೈಚಾಚಿ ಕಂಬಿ ಹಿಡಿದರು.