ಪ್ರಾಪ್ತಿಯ ಕೋಣೆಯಲ್ಲಿ ಇನ್ನೊಬ್ಬರು

ಪ್ರಾಪ್ತಿಯ ಕೋಣೆಗೆ ಮತ್ತೆ ಎರಡು ಲೋಟ ಚಹಾ ಹೋಯಿತು. ಆ ಕೋಣೆಯಲ್ಲಿರುವವಳು ಅವಳೊಬ್ಬಳೇ.

ಡಾಕ್ಟರ್ ಸುಧಾಕರ ಶೆಟ್ಟರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. ಹೊಳೆಮೀನುಗಳ ಮೇಲಿನ ವರದಿಯನ್ನು ಒಂದೇ ವಾರದಲ್ಲಿ ಬರೆದು ಮುಗಿಸಬೇಕೆಂದು ಮೂಡುಬಿದಿರೆಯ ಕಾಲೇಜಿನಿಂದ ತಮ್ಮ ಸಂಶೋಧನಾ ತಂಡವನ್ನು ಶ್ರೀಲಂಕಾದ ಈ ಗುಡ್ಡದೂರಿಗೆ ಕರೆತಂದಿದ್ದರು. ನಿಯಮ ಒಂದೇ: ಮನೆಯವರು ಯಾರೂ ಜೊತೆಗೆ ಬರಬಾರದು. ಮುರಿದವರು ತಂಡದಿಂದ ಹೊರಗೆ.

"ಅವಳ ಕೋಣೆಯಲ್ಲಿ ಯಾರೋ ಕೆಮ್ಮಿದ ಹಾಗೆ ಕೇಳಿತು ಸರ್," ಎಂದ ತಂಡದ ಝಿಯಾದ್. "ಆಮೇಲೆ ಇಬ್ಬರೂ ನಕ್ಕರು."

ಶೆಟ್ಟರಿಗೆ ಅನುಮಾನವೇ ಉಳಿಯಲಿಲ್ಲ. ಬಂಟ್ವಾಳದ ರೋಹಿತ್ ಜೊತೆ ಪ್ರಾಪ್ತಿಯ ನಿಶ್ಚಿತಾರ್ಥ ಆದದ್ದು ಹೋದ ತಿಂಗಳು. ವಸತಿ ನೋಡಿಕೊಳ್ಳುತ್ತೇನೆಂದು ಎಲ್ಲರಿಗಿಂತ ಮೊದಲೇ ಹೊರಟು ಬಂದವಳೂ ಅವಳೇ. ತಮ್ಮದೇ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ಹುಡುಗಿ ಹೀಗೆ ಮಾಡುವುದೇ?

ಮಧ್ಯಾಹ್ನ ನೇರವಾಗಿ ಕೇಳಿಯೇಬಿಟ್ಟರು. "ಒಳಗೆ ಯಾರುಂಟು ಮಾರಾಯ್ತಿ?"

"ಯಾರೂ ಇಲ್ಲ ಸರ್."

"ಮತ್ತೆ ಎರಡು ಊಟ?"

"ಈ ಚಳಿಗೆ ಹಸಿವು ಜಾಸ್ತಿ ಸರ್." ಮೆತ್ತಗೆ ಬೆಂದ ಅನ್ನದ ತಟ್ಟೆ ಹಿಡಿದುಕೊಂಡು ಅವಳು ಸರಸರನೆ ನಡೆದಳು.

ಸ್ವಲ್ಪ ಹೊತ್ತಿಗೆ ಶೆಟ್ಟರಿಗೆ ಅಮ್ಮ ಅಮ್ಮಣ್ಣಿಯ ಫೋನು ಬಂತು. ವಾರವಿಡೀ ಬೆಳ್ತಂಗಡಿಯಲ್ಲಿ ಮಗಳ ಮನೆಯಲ್ಲಿರುತ್ತೇನೆಂದು ಅವರು ಹೇಳಿದ್ದರು.

"ಊಟ ಆಯಿತಾ ಮಗಾ? ಶಾಲು ಹೊದ್ದುಕೋ, ಇವತ್ತು ಮಂಜು ಜಾಸ್ತಿ ಉಂಟು."

"ಆಯಿತಮ್ಮ. ಕೆಲಸ ಉಂಟು, ಮತ್ತೆ ಮಾಡ್ತೇನೆ."

ಫೋನು ಕಿಸೆಗಿಟ್ಟವರೇ ಮೆಟ್ಟಿಲು ಹತ್ತಿ ಪ್ರಾಪ್ತಿಯ ಬಾಗಿಲು ಬಡಿದರು. "ರೋಹಿತ್, ಹೊರಗೆ ಬಾ! ನಾಳೆಯೇ ನಿಮ್ಮಿಬ್ಬರನ್ನೂ ವಿಮಾನ ಹತ್ತಿಸ್ತೇನೆ!"

ಒಳಗೆ ಪಿಸುಮಾತು. ಕುರ್ಚಿ ಸರಿದ ಸದ್ದು. ಪ್ರಾಪ್ತಿ ಬಾಗಿಲು ತೆರೆದು ಅಡ್ಡ ನಿಂತಳು. "ಸರ್, ತಂಡದಿಂದ ತೆಗೆಯುವುದಾದರೆ ತೆಗೆಯಿರಿ. ಆದರೆ ಇವರಿಗೆ ಮಾತ್ರ ಏನೂ ಹೇಳಬೇಡಿ."

ಶೆಟ್ಟರು ಅವಳನ್ನು ದಾಟಿ ಒಳಗೆ ಕಾಲಿಟ್ಟರು.

ಕಿಟಕಿಯಾಚೆಯ ಚಹಾ ತೋಟದಿಂದ ಕಣ್ಣು ತೆಗೆದು, ಮಂಕಿ ಕ್ಯಾಪನ್ನು ಮೇಲೆ ಸರಿಸಿ, ಅಮ್ಮಣ್ಣಿ ಹೇಳಿದರು: "ವಿಮಾನ ಹತ್ತಿಸುವುದು ನಿನ್ನಿಂದ ಆಗುವ ಕೆಲಸ ಅಲ್ಲ ಮಗಾ; ನಾನು ಕೇಳಿದಾಗಲೆಲ್ಲ ನೀನು 'ಮುಂದಿನ ವರ್ಷ' ಅಂದೆ, ಈ ಹುಡುಗಿ 'ನಾಡಿದ್ದು' ಅಂದಳು."